ಹಿಮವಿಲ್ಲದ ಊರಿನ ಉಳುಕು

ಆದೋನಿಯಲ್ಲಿ ಬೆಳ್ಳಗೆ ರಾಶಿ ಬೀಳುವುದು ಹತ್ತಿಯೊಂದೇ. ಕಾಲಿಗೆ ಹಲಗೆ ಕಟ್ಟಿಕೊಂಡು ಅದರ ಮೇಲೆ ಜಾರಲು ಹೋದರೆ ಮಾರ್ಕೆಟ್ ಯಾರ್ಡಿನ ಹಮಾಲರು ಬಿಟ್ಟಾರೆಯೇ? ಕಾಲು ಉಳುಕಲು ನಮಗೆ ಹಿಮವೇನೂ ಬೇಕಿಲ್ಲ ಬಿಡಿ. ಎರೆಹೊಲದ ಬಿರುಕಿದೆ, ರಣಮಂಡಲ ಆಂಜನೇಯನ ಬೆಟ್ಟವಿದೆ.

ಹಿಮದ ಮೇಲೆ ಹಲಗೆ ಕಟ್ಟಿ ಜಾರುವ ಸ್ನೋಬೋರ್ಡಿನವರದು ಮಾತ್ರ ಕಿಲಾಡಿ ಮುರಿತ. ಹಾರಿ ಇಳಿಯುವಾಗ ಪಾದ ಮೇಲಕ್ಕೆ ಮಡಚಿ ತಿರುಚಿದರೆ, ಕಾಲ್ಗಿಣ್ಣಿನೊಳಗಿನ ಟಾಲಸ್ ಎಲುಬಿನ ಹೊರಅಂಚು ಸೀಳುತ್ತದೆ. ನೋಡಲು ಥೇಟ್ ಉಳುಕು! ಎಷ್ಟೋ ಸಲ ಎಕ್ಸ್‌ರೇ ಕಣ್ಣಿಗೂ ಮಣ್ಣೆರಚಿ, ಸಿ.ಟಿ. ಸ್ಕ್ಯಾನಿಗೆ ಸಿಕ್ಕಿಬೀಳುತ್ತದೆ.

ನಮ್ಮ ಓಣಿಯಲ್ಲಿ ಸ್ಕ್ಯಾನಿಗಿಂತ ಮೊದಲು ಅಜ್ಜಿ ಬರುತ್ತಾಳೆ. "ಏನೂ ಆಗಿಲ್ಲೇಳಪ್ಪ, ಬರೇ ನರ ಹೊಳ್ಳೇತಿ" ಎಂದು ಹರಳೆಣ್ಣೆ ನೀವಿ, ಪಾದ ಹಿಡಿದು ಲಟಕ್ಕನೆ ಎಳೆಯುತ್ತಾಳೆ. ಕೂಗು ಮಂತ್ರಾಲಯಕ್ಕೆ ಮುಟ್ಟಿದ ಮೇಲೆ ಕೈ ಒರೆಸಿಕೊಳ್ಳುತ್ತಾ, "ಈಗ ಬೇಕಾದ್ರ ಎಕ್ಸ್‌ರೇ ತೆಗಸು!"