ಹತ್ತು ದಿನದ ಪರಂಪರೆ

ಮೈಸೂರಿನಲ್ಲಿ ವರ್ಷಕ್ಕೆ ಹತ್ತು ದಿನ ಪರಂಪರೆ ಇರುತ್ತದೆ. ಪಾಡ್ಯಕ್ಕೆ ಶುರು, ವಿಜಯದಶಮಿಗೆ ಮುಕ್ತಾಯ. ಮಿಕ್ಕ ದಿನ ಇರುವುದು ಬರೀ ಹಳೇ ಕಟ್ಟಡ.

ದಸರೆ ಬಂತೆಂದರೆ ಬೆಳಿಗ್ಗೆಯೇ ಪುರಭವನದ ಮುಂದೆ ಜನ ಸೇರುತ್ತಾರೆ. ಪಾರಂಪರಿಕ ನಡಿಗೆ! ಪಂಚೆ, ಶಲ್ಯ, ಮೈಸೂರು ಪೇಟ. ಪೇಟ ರೆಡಿಮೇಡು, ಸುತ್ತುವುದು ಯಾರಿಗೆ ಬರುತ್ತದೆ? ದಂಪತಿಗಳಿಗೆ ಟಾಂಗಾ ಸವಾರಿ. ರೇಷ್ಮೆ ಸೀರೆ, ಮಲ್ಲಿಗೆ, ಸೆಲ್ಫಿ. ಟಾಂಗಾದವನಿಗೆ ಆ ದಿನ ಎಲ್ಲಿಲ್ಲದ ಮರ್ಯಾದೆ. ದಸರೆ ಮುಗಿದ ಮಾರನೇ ದಿನ ಅದೇ ಕುದುರೆ ಅಡ್ಡ ಬಂದರೆ ಅದೇ ದಂಪತಿ ಕಾರಿನೊಳಗಿಂದ ಹಾರ್ನ್ ಒತ್ತುತ್ತಾರೆ.

ಉದ್ಘಾಟನೆಗೆ ಗಣ್ಯರು ಬರುತ್ತಾರೆ. ಪರಂಪರೆ ಉಳಿಸುವುದು ನಮ್ಮೆಲ್ಲರ ಹೊಣೆ ಅನ್ನುತ್ತಾರೆ. ಹಸಿರು ನಿಶಾನೆ ತೋರಿಸುತ್ತಾರೆ. ಕಾರು ಹತ್ತಿ ಹೋಗುತ್ತಾರೆ. ಹೊಣೆಯೂ ನಮ್ಮದು, ನಡಿಗೆಯೂ ನಮ್ಮದು.

ನಡಿಗೆ ಲ್ಯಾನ್ಸ್‌ಡೌನ್ ಕಟ್ಟಡದ ಮುಂದೆ ನಿಲ್ಲುತ್ತದೆ. 1892ರದ್ದು, ವೈಸರಾಯ್ ಹೆಸರಿನದ್ದು, ನೋಡಿ ಎಂಥ ಕಮಾನು! ಎಲ್ಲರೂ ತಲೆದೂಗುತ್ತಾರೆ. 2012ರ ಆಗಸ್ಟ್‌ನಲ್ಲಿ ಇದೇ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಸತ್ತರಲ್ಲ? ಛೇ, ಹಬ್ಬದ ದಿನ ಆಡುವ ಮಾತೇ ಅದು! ವೈಸರಾಯ್ ಹೆಸರು ಇತಿಹಾಸ. ಸೂರಿನಡಿ ಸಿಕ್ಕಿ ಸತ್ತವರು ಪರಿಹಾರದ ಕಡತ.

ಮುಂದೆ ದೇವರಾಜ ಮಾರುಕಟ್ಟೆ. ಹೂವು, ವೀಳ್ಯದೆಲೆ, ಕುಂಕುಮದ ರಾಶಿ. ಕ್ಯಾಮೆರಾಗಳಿಗೆ ಹಬ್ಬವೋ ಹಬ್ಬ. 2016ರ ಆಗಸ್ಟ್‌ನಲ್ಲಿ ಇದರ ಉತ್ತರದ ಭಾಗ ನೆಲಕ್ಕೆ ಬಂತು. ಯಾರೂ ಸಾಯಲಿಲ್ಲ, ಹಾಗಾಗಿ ಸುದ್ದಿಯೇ ಬೇಗ ಸತ್ತಿತು. 2022ರಲ್ಲಿ ದಸರೆ ಮುಗಿದ ಅಕ್ಟೋಬರ್‌ನಲ್ಲೇ ಮಹಾರಾಣಿ ವಿಜ್ಞಾನ ಕಾಲೇಜಿನ ಹಳೇ ಕಟ್ಟಡ ಕುಸಿಯಿತು. ಪುಣ್ಯಕ್ಕೆ ಮಕ್ಕಳಿರಲಿಲ್ಲ. ನಮ್ಮೂರಿನ ಕಟ್ಟಡಗಳನ್ನು ಕಾಯುತ್ತಿರುವ ಇಲಾಖೆ ಯಾವುದು ಎಂದು ಯಾರಾದರೂ ಕೇಳಿದರೆ ಇದನ್ನೇ ಹೇಳಿ: ಪುಣ್ಯ.

ಬಿದ್ದ ಮೇಲೆ ಏನಾಗುತ್ತದೆ? ಸಮಿತಿ ಆಗುತ್ತದೆ. ಲ್ಯಾನ್ಸ್‌ಡೌನ್, ಮಾರುಕಟ್ಟೆ ಎರಡನ್ನೂ ಕೆಲವು ತಜ್ಞರು ಕೆಡವಿ ಅಂದರು. ಇನ್ನು ಕೆಲವು ತಜ್ಞರು ದುರಸ್ತಿ ಮಾಡಿದರೆ ಉಳಿಯುತ್ತದೆ ಅಂದರು. ವಿಷಯ ಹೈಕೋರ್ಟಿಗೆ ಹೋಯಿತು. ಗೋಡೆ ಮಾತ್ರ ಯಾವ ವರದಿಯನ್ನೂ ಓದಲಿಲ್ಲ. ಮಳೆ ಬಂದಾಗಲೆಲ್ಲ ನೆನೆಯಿತು.

ಕೆಡವುತ್ತೇವೆ, ಆದರೆ ಅದೇ ಶೈಲಿಯಲ್ಲಿ ಕಟ್ಟಿಕೊಡುತ್ತೇವೆ ಎಂಬುದು ಹೊಸ ಸಮಾಧಾನ. ಅಜ್ಜಿಯನ್ನು ಮಣ್ಣು ಮಾಡಿ ಬಂದು, ಅವಳ ಸೀರೆಯನ್ನು ಗೊಂಬೆಗೆ ಉಡಿಸಿ, ತಗೋ ನಿನ್ನ ಅಜ್ಜಿ ಅಂದ ಹಾಗೆ.

1897ರಲ್ಲಿ ರಾಜಕುಮಾರಿಯ ಮದುವೆ ಹೊತ್ತಿನಲ್ಲಿ ಮರದ ಹಳೇ ಅರಮನೆ ಸುಟ್ಟುಹೋಯಿತು. 1912ಕ್ಕೆ ಹೊಸ ಅರಮನೆ ಎದ್ದು ನಿಂತಿತ್ತು. ಹದಿನೈದು ವರ್ಷದಲ್ಲಿ ನಕ್ಷೆ, ಕಲ್ಲು, ಗೋಪುರ, ಎಲ್ಲ ಮುಗಿಯಿತು. ಲ್ಯಾನ್ಸ್‌ಡೌನ್ ಕುಸಿದು ಹತ್ತು ವರ್ಷ ತುಂಬಿದಾಗ ನಾವು ಎಲ್ಲಿದ್ದೆವು? ಕೆಡವಬೇಕೋ ಉಳಿಸಬೇಕೋ ಎಂಬ ಚರ್ಚೆಯಲ್ಲಿದ್ದೆವು. ಅವರು ಅರಮನೆ ಕಟ್ಟಿದರು. ನಾವು ಫೈಲು ಕಟ್ಟಿದೆವು.

ಈಗ ಸ್ವಲ್ಪ ಹತ್ತಿರ ಹೋಗಿ ಒಂದು ಹಳೇ ಗೋಡೆ ನೋಡಿ. ಕಟ್ಟಿದ್ದು ಸುಣ್ಣದ ಗಾರೆಯಲ್ಲಿ. ಗಾರೆ ತೇವ ಹೀರುತ್ತದೆ, ಬಿಸಿಲಿಗೆ ಬಿಟ್ಟುಕೊಡುತ್ತದೆ. ನಾವು ಅದರ ಮೇಲೆ ಸಿಮೆಂಟ್ ಮೆತ್ತಿದೆವು. ನೀರು ಒಳಗೇ ಕೂತಿತು. ಮೇಲೆ ಬಣ್ಣ ಬಳಿದೆವು. ಬಣ್ಣ ಉಬ್ಬಿ ಹಕ್ಕಳೆ ಎದ್ದಿತು. ಹಕ್ಕಳೆ ಕಾಣದಿರಲಿ ಎಂದು ಸೀರಿಯಲ್ ಸೆಟ್ ಇಳಿಬಿಟ್ಟೆವು. ಮೇಲೆ ಕಾರ್ನಿಸಿನ ಸಂದಿಯಲ್ಲಿ ಒಂದು ಅರಳಿ ಗಿಡ. ಹಕ್ಕಿ ಹಾಕಿದ ಬೀಜ. ಎಳೆಯದಿದ್ದಾಗ ಕೀಳಲು ಒಂದು ಏಣಿ, ಒಬ್ಬ ಆಳು ಸಾಕಿತ್ತು. ಈಗ ಬೇರು ಗೋಡೆಯನ್ನು ಸೀಳುತ್ತಿದೆ. ಗಿಡ ಕೀಳಿಸುವುದರಲ್ಲಿ ಯಾರಿಗೂ ಟೆಂಡರ್ ಇಲ್ಲ. ದೀಪ ಹಾಕಿಸುವುದರಲ್ಲಿ ಇದೆ.

ಜಂಬೂಸವಾರಿ ಸಾಗುವ ದಾರಿಯಲ್ಲಂತೂ ಎರಡೂ ಒಟ್ಟಿಗೇ ಕಾಣುತ್ತವೆ. ಮೇಲೆ ಬಣ್ಣದ ದೀಪದ ಸರ. ಕೆಳಗೆ ಎಚ್ಚರಿಕೆ: ಶಿಥಿಲ ಕಟ್ಟಡ, ಮೇಲೆ ಹತ್ತಬೇಡಿ. ಅಂದರೆ ಬೀಳುತ್ತದೆಂದು ಗೊತ್ತಿದೆ. ಗೊತ್ತಿದ್ದೂ ಸಿಂಗರಿಸಿದ್ದಾರೆ. ಆನೆ ದಾಟಿಹೋಗುವವರೆಗೆ ನಿಂತಿದ್ದರೆ ಸಾಕು.

ಅರಮನೆಗೆ ಲಕ್ಷದ ಹತ್ತಿರ ಬಲ್ಬು ಹೊತ್ತುತ್ತವೆ. ಹೊತ್ತಲಿ, ಚೆಂದವೇ. ಬಲ್ಬಿನ ಮೇಲೆ ನನ್ನ ತಕರಾರಿಲ್ಲ. ಬಲ್ಬಿನ ಬೆಳಕಲ್ಲಿ ಬಿರುಕು ಕಾಣುವುದಿಲ್ಲ ಎಂಬ ಸಂತೋಷದ ಮೇಲೆ ಇದೆ.

ಸರ್ಕಾರವನ್ನು ಬೈದು ಕೈತೊಳೆದುಕೊಂಡರೆ ನಾವೂ ಗಣ್ಯರೇ ಆಗುತ್ತೇವೆ. ಚಾಮರಾಜಪುರಂ, ಲಕ್ಷ್ಮೀಪುರಂ, ಅಗ್ರಹಾರದ ಬೀದಿಗಳಿಗೆ ಬನ್ನಿ. ಜಗಲಿ, ಮರದ ಕಂಬ, ಮಂಗಳೂರು ಹೆಂಚು, ನಡುವೆ ತೊಟ್ಟಿ. ನವರಾತ್ರಿಗೆ ಗೊಂಬೆ ಕೂರಿಸಿದ್ದಾರೆ. ನೋಡಲು ಬಂದವರು ಪಟ್ಟದ ಗೊಂಬೆಗಿಂತ ಹೆಚ್ಚಾಗಿ ಮನೆಯ ಫೋಟೋ ತೆಗೆಯುತ್ತಾರೆ. "ಇಂಥ ಮನೆ ಈಗೆಲ್ಲಿ ಸಿಗುತ್ತೆ ಸಾರ್!" ಎಂದು ನಿಟ್ಟುಸಿರು ಬಿಡುತ್ತಾರೆ. ಚರ್ಪು ಈಸಿಕೊಂಡು ಮೂರನೇ ಮಹಡಿಯ ಫ್ಲ್ಯಾಟಿಗೆ ಹೋಗುತ್ತಾರೆ. ಅವರ ಅಪ್ಪನದೂ ಇಂಥದೇ ಮನೆ ಇತ್ತು. ಅಣ್ಣತಮ್ಮಂದಿರು ಪಾಲು ಮಾಡಿಕೊಂಡು ಮಾರಿದರು. ಆ ಜಾಗದಲ್ಲಿ ಎದ್ದ ಅಪಾರ್ಟ್‌ಮೆಂಟಿನ ಹೆಸರಲ್ಲಿ ಹೆರಿಟೇಜ್ ಎಂಬ ಮಾತಿದೆ. ತೊಟ್ಟಿ ಇದ್ದ ಕಡೆ ಸಂಪು ಇದೆ.

ಮನೆ ಉಳಿಸಿಕೊಂಡವರ ಪಾಡೇನು? ಹೆಂಚು ಕೈಯಾಡಿಸುವ ಆಳು ಸಿಗುವುದಿಲ್ಲ. ಸಿಕ್ಕರೆ ಕೂಲಿ ಕೈಗೆಟುಕುವುದಿಲ್ಲ. ತೊಲೆಗೆ ಗೆದ್ದಲು, ಜಂತೆಗೆ ನೀರು. ಹೊಗಳಲು ಊರೆಲ್ಲ ಇದೆ. ನಾಲ್ಕು ಹೆಂಚಿಗೆ ದುಡ್ಡು ಕೊಡಲು ಯಾರೂ ಇಲ್ಲ. ಹಾಗಿದ್ದ ಮೇಲೆ ಬಿಲ್ಡರ್ ಬಾಗಿಲು ತಟ್ಟಿದರೆ ಅವರು ಮಾಡುವುದಾದರೂ ಏನು? ಹೆಮ್ಮೆಯನ್ನು ಸೋರುವ ಕಡೆ ಇಡಲಾಗುವುದಿಲ್ಲ. ಅಲ್ಲಿ ಬಕೆಟ್ ಇಡಬೇಕು.

ಮನಸ್ಸಿದ್ದರೆ ಆಗುತ್ತದೆ ಎಂಬುದಕ್ಕೂ ಸಾಕ್ಷಿ ಇಲ್ಲೇ ಇದೆ. ಯಾದವಗಿರಿಯಲ್ಲಿ ಆರ್.ಕೆ. ನಾರಾಯಣ್ ಮನೆಯನ್ನು 2011ರಲ್ಲಿ ಕೆಡವಲು ಹೊರಟರು. ಗಲಾಟೆಯಾಯಿತು. ಪಾಲಿಕೆ ಮನೆಯನ್ನು ಕೊಂಡಿತು, ದುರಸ್ತಿ ಮಾಡಿಸಿತು, 2016ರಲ್ಲಿ ಮ್ಯೂಸಿಯಂ ಮಾಡಿತು. ಸಂತೋಷ. ಇದರಿಂದ ನಾವು ಕಲಿಯುವ ನೀತಿ ಇಷ್ಟೇ: ನಿಮ್ಮ ಮನೆ ಉಳಿಯಬೇಕೆಂದರೆ ಮೊದಲು ನೀವು ಲೋಕಪ್ರಸಿದ್ಧ ಕಾದಂಬರಿಕಾರರಾಗಬೇಕು. ಆಮೇಲೆ ಸಾಯಬೇಕು. ಆಮೇಲೆ ಮನೆ ಮುಂದೆ ಜೆಸಿಬಿ ನಿಂತ ಫೋಟೋ ಪೇಪರಿನಲ್ಲಿ ಬರಬೇಕು. ಗುಮಾಸ್ತರಾಗಿ, ಮೇಷ್ಟ್ರಾಗಿ ಬದುಕಿ, ಸದ್ದಿಲ್ಲದೆ ಮನೆ ಕಾಪಾಡಿಕೊಂಡವರಿಗೆ ಈ ಯೋಜನೆ ಅನ್ವಯಿಸುವುದಿಲ್ಲ.

ಈ ಸಲವೂ ನಡಿಗೆ ಇರುತ್ತದೆ. ಹೋಗಿ, ಬೇಡ ಅನ್ನುವುದಿಲ್ಲ. ಪೇಟವನ್ನೂ ಇಟ್ಟುಕೊಳ್ಳಿ. ಆದರೆ ಕಟ್ಟಿದ್ದು ಯಾವ ವರ್ಷ, ಕಟ್ಟಿಸಿದ್ದು ಯಾವ ಮಹಾರಾಜರು ಎಂದು ಕೇಳಬೇಡಿ. ಅದು ಪುಸ್ತಕದಲ್ಲಿದೆ. ಈ ಸೂರನ್ನು ಕೊನೇ ಸಲ ರಿಪೇರಿ ಮಾಡಿಸಿದ್ದು ಯಾವಾಗ, ಯಾರು, ಎಷ್ಟು ದುಡ್ಡಿನಲ್ಲಿ ಎಂದು ಕೇಳಿ. ಉತ್ತರ ಬರುವವರೆಗೆ ಮುಂದಿನ ಕಟ್ಟಡಕ್ಕೆ ಹೆಜ್ಜೆ ಇಡಬೇಡಿ. ಕಮಾನಿನ ಕೆಳಗೆ ಮಾತ್ರ ನಿಲ್ಲಬೇಡಿ. ರಸ್ತೆಯ ಆಚೆ ಬದಿಯಲ್ಲಿ ನಿಂತು ಕೇಳಿ.