ಬೀಳು ಭೂಮಿಯ ಹೂವು

"ವೈನಿ, ಒಂದು ದೇಶದ ಹೂ ಯಾವುದಂತ ಯಾರು ಗೊತ್ತು ಮಾಡ್ತಾರ್ರಿ? ಓಟ್ ಹಾಕ್ತಾರೇನು?" ಮಗಳ ಶಾಲೆಯ ಪ್ರಾಜೆಕ್ಟ್ ಹಿಡಿದುಕೊಂಡು ಪಕ್ಕದ ಮನೆಯಾಕೆ ಕಾಂಪೌಂಡ್ ಗೋಡೆಯಾಚೆಯಿಂದ ಕೇಳಿದಳು. ಬೀದರ್ ಕಡೆಯವಳು, ಹೈದರಾಬಾದಿನಲ್ಲಿ ಸಂಸಾರ ಹೂಡಿದವಳು. ಒಲೆಯ ಮೇಲೆ ಬೇಳೆ ಬೇಯುತ್ತಿತ್ತು, ಆದರೂ ನಿಂತೆ. ಹೂವಿನ ಮಾತು ಬಂದರೆ ನನಗೆ ಒಳಗೆ ಹೋಗಲು ಮನಸ್ಸಾಗುವುದಿಲ್ಲ.

ಎಲ್ಲ ಕಡೆ ಒಂದೇ ಪದ್ಧತಿ ಇಲ್ಲ ತಂಗಿ, ಅಂದೆ. ಅಮೆರಿಕದಲ್ಲಿ ಎವರೆಟ್ ಡರ್ಕ್‌ಸನ್ ಅಂತ ಒಬ್ಬ ಸೆನೆಟರ್ ಇದ್ದರು. ಚೆಂಡುಹೂವೇ ತಮ್ಮ ದೇಶದ ಹೂವಾಗಬೇಕೆಂದು ವರ್ಷಗಟ್ಟಲೆ ಪಟ್ಟು ಹಿಡಿದರು. 1969ರಲ್ಲಿ ಅವರು ತೀರಿಕೊಂಡರು. ಕೊನೆಗೆ 1986ರಲ್ಲಿ ಅಧ್ಯಕ್ಷ ರೇಗನ್ ಸಹಿ ಬಿದ್ದದ್ದು ಗುಲಾಬಿಗೆ. ನಮ್ಮ ಕಮಲದ ಕಥೆಯೇ ಬೇರೆ. ಪಠ್ಯಪುಸ್ತಕದಲ್ಲೆಲ್ಲ ಅದು ರಾಷ್ಟ್ರೀಯ ಹೂ. ಆದರೆ 2019ರ ಜುಲೈನಲ್ಲಿ ರಾಜ್ಯಸಭೆಯಲ್ಲಿ ಪ್ರಶ್ನೆ ಬಂದಾಗ, ಹುಲಿಗೂ ನವಿಲಿಗೂ ಅಧಿಸೂಚನೆ ಇದೆ, ಹೂವಿಗೆ ಇಲ್ಲ ಎಂದು ಸರ್ಕಾರವೇ ಉತ್ತರ ಕೊಟ್ಟಿತು. ಲಕ್ಷ್ಮಿಯ ಪೀಠದಲ್ಲಿ, ಅಜಂತೆಯ ಪದ್ಮಪಾಣಿಯ ಕೈಯಲ್ಲಿ ಅದನ್ನು ನೋಡುತ್ತ ಬಂದ ಜನ ಆದೇಶಕ್ಕಾಗಿ ಕಾಯಲೇ ಇಲ್ಲ.

"ಮತ್ತ ಇಲ್ಲಿದು?"

ಇಲ್ಲಿಯದು ನನಗೆ ಎಲ್ಲಕ್ಕಿಂತ ಇಷ್ಟದ ಆಯ್ಕೆ. 2014ರ ಜೂನ್ 2ಕ್ಕೆ ತೆಲಂಗಾಣ ಹುಟ್ಟಿತಲ್ಲ, ಅದೇ ನವೆಂಬರಿನಲ್ಲಿ ಹೊಸ ರಾಜ್ಯದ ಲಾಂಛನಗಳು ಗೊತ್ತಾದವು. ಪ್ರಾಣಿ ಜಿಂಕೆ, ಹಕ್ಕಿ ಪಾಲಪಿಟ್ಟ, ಮರ ಜಮ್ಮಿ, ಹೂ ತಂಗೇಡು. ಪಾಲಪಿಟ್ಟ ಅಂದರೆ ನಮ್ಮ ಕರ್ನಾಟಕದ ರಾಜ್ಯಪಕ್ಷಿ ನೀಲಕಂಠವೇ. ಜಮ್ಮಿ ಅಂದರೆ ಬನ್ನಿ.

"ತಂಗೇಡು ಅಂದ್ರ ತಂಗಡಿ ಅಲ್ರಿ? ನಮ್ಮೂರ ಹೊಲದ ಬದುವಿನಾಗ ರಗಡ ಬೆಳೀತದ. ದನಾನೂ ಬಾಯಿ ಹಾಕಂಗಿಲ್ಲ!"

ಅದೇ, ನಮ್ಮ ಹಳೇ ಮೈಸೂರು ಕಡೆ ಆವರಿಕೆ ಅನ್ನುವ ಗಿಡ. ಯಾರೂ ನೀರು ಹಾಕದೆ ಕಲ್ಲುಭೂಮಿಯಲ್ಲಿ ಹಬ್ಬುತ್ತದೆ. ಅದರ ತೊಗಟೆಯಿಂದ ತೊಗಲು ಹದ ಮಾಡುತ್ತಿದ್ದರು, ಸೊಪ್ಪನ್ನು ಗದ್ದೆಗೆ ಗೊಬ್ಬರವಾಗಿ ತುಳಿಯುತ್ತಿದ್ದರು. ಮಳೆಗಾಲ ಮುಗಿಯುತ್ತ ಬಂದಾಗ ಗಿಡದ ತುಂಬ ಹಳದಿ. ಅಷ್ಟು ಹೊತ್ತಿಗೆ ಬತುಕಮ್ಮ ಹಬ್ಬ ಬರುತ್ತದೆ, ಮಹಾಲಯ ಅಮಾವಾಸ್ಯೆಯಿಂದ ಒಂಬತ್ತು ದಿನ. ನಮ್ಮ ಬೀದಿಯ ಹೆಂಗಸರು ಹೂವಿನ ಬತುಕಮ್ಮ ಕಟ್ಟುವುದನ್ನು ನೀನೂ ನೋಡಿದ್ದೀಯಲ್ಲ. ತಟ್ಟೆಯ ಮೇಲೆ ಕುಂಬಳದ ಎಲೆ ಹಾಸಿ, ತಂಗೇಡಿನ ಗೊಂಚಲುಗಳನ್ನು ಹೂ ಹೊರಗೆ, ತೊಟ್ಟು ಒಳಗೆ ಬರುವಂತೆ ಸುತ್ತ ಜೋಡಿಸುತ್ತಾರೆ. ನಡುವಿನ ಟೊಳ್ಳಿಗೆ ಕತ್ತರಿಸಿದ ಸೊಪ್ಪು, ಕಡ್ಡಿ ತುಂಬುತ್ತಾರೆ. ಅದರ ಮೇಲೊಂದು ಸುತ್ತು ಗುನುಗು, ಅಂದರೆ ಅಣ್ಣೆಸೊಪ್ಪಿನ ಹೂ, ತುದಿಯನ್ನು ಬಣ್ಣದ ನೀರಿನಲ್ಲಿ ಅದ್ದಿದ್ದು. ಸುತ್ತು ಕಿರಿದಾಗುತ್ತ ಹೋಗಿ ಗೋಪುರವಾಗುತ್ತದೆ. ನೆತ್ತಿಯ ಮೇಲೆ ಅರಿಸಿನದ ಗೌರಮ್ಮ. ಗುಲಾಬಿಯಿಲ್ಲದೆ ಬತುಕಮ್ಮ ಆಗುತ್ತದೆ, ತಂಗೇಡಿಲ್ಲದೆ ಆಗುವುದಿಲ್ಲ.

ಇನ್ನು ದಸರಾ ದಿನ ಪಾಲಪಿಟ್ಟ ಕಂಡರೆ ಶುಭ, ಸಂಜೆ ಜಮ್ಮಿಗೆ ಪೂಜೆ. ನಾಲ್ಕರಲ್ಲಿ ಮೂರು ಲಾಂಛನ ಒಂದೇ ಹಬ್ಬದ ಅಂಗಳದಿಂದ ಎದ್ದು ಬಂದವು. ಸರ್ಕಾರ ಸಹಿ ಹಾಕಿದ್ದು 2014ರಲ್ಲಿ; ಆರಿಸಿದವರು ತಟ್ಟೆಯ ಮುಂದೆ ಕೂತ ಹೆಂಗಸರು, ಎಷ್ಟೋ ತಲೆಮಾರಿನ ಹಿಂದೆ.

"ಬನ್ನಿ ನಮ್ಮಲ್ಲೂ ಅದಲ್ರಿ. ಬಂಗಾರ ಕೊಟ್ಟು ಬಂಗಾರದಂಗ ಇರೂಣು ಅಂತೀವಿ."

ಇರದೆ ಏನು? 1956ರವರೆಗೆ ಬೀದರ್, ಕಲಬುರಗಿ, ರಾಯಚೂರು ಇದೇ ಹೈದರಾಬಾದ್ ರಾಜ್ಯದಲ್ಲಿದ್ದವು. ನಿನ್ನ ಮಗಳು ಪ್ರಾಜೆಕ್ಟಿನಲ್ಲಿ ಅದನ್ನೂ ಬರೆಯಲಿ.

ನನ್ನ ಹೊಟ್ಟೆಯುರಿ ಬೇರೆ ಇದೆ. ಶಂಷಾಬಾದ್, ಘಟ್‌ಕೇಸರ್ ಕಡೆ ಊರ ಹೊರಗಿನ ಬೀಳುಗಳೆಲ್ಲ ಲೇಔಟ್ ಆಗುತ್ತಿವೆ. ಬೀಳಿನಲ್ಲೇ ಬದುಕುವ ಗಿಡ ತಂಗೇಡು, ಬೀಳು ಹೋದ ಕಡೆ ಅದೂ ಹೋಯಿತು. ಹಬ್ಬ ಬಂದರೆ ಗುಡಿಮಲ್ಕಾಪುರದ ಹೂವಿನ ಮಾರುಕಟ್ಟೆಗೆ ಹೋಗಿ ಕಟ್ಟುಗಟ್ಟಲೆ ದುಡ್ಡು ಕೊಟ್ಟು ತರಬೇಕು. ರಾಜ್ಯದ ಹೂ ಎಂದು ಹೆಸರಿಟ್ಟ ಮೇಲೆ ರಸ್ತೆಯ ನಡುವಿನ ಪಟ್ಟಿಯಲ್ಲಿ, ಪಾರ್ಕಿನಲ್ಲಿ ಮೊದಲು ಅದನ್ನು ನೆಡಬೇಕು. ಬಿಸಿಲಿಗೆ ಜಗ್ಗದ ಗಿಡ, ನೀರಿನ ಟ್ಯಾಂಕರ್ ಬೇಡ, ದನ ಮೇಯುವ ಭಯವಿಲ್ಲ. ಬೇರೆ ದೇಶದ ಅಲಂಕಾರದ ಗಿಡ ತಂದು ದಿನಾ ನೀರುಣಿಸುವುದು ಯಾಕೆ?

"ಚಿತ್ರಕ್ಕಿಂತ ನಿಜವಾದ ಹೂವೇ ಅಂಟಿಸಬೇಕಂತಾಳ್ರಿ ಹುಡುಗಿ."

ಚಪ್ಪಟೆ ಕಾಯಿಯ ಬೀಜವನ್ನೂ ಅಂಟಿಸಲಿ, ಅಂದೆ. ಮಿಕ್ಕ ಬೀಜ ನನಗೆ ಕೊಡು. ಸಿಪ್ಪೆ ಗಟ್ಟಿ, ರಾತ್ರಿ ನೆನೆಹಾಕಿ ಈ ಗೋಡೆಯ ಬುಡಕ್ಕೆ ಎರಡೂ ಕಡೆ ಹಾಕೋಣ. ನಿನ್ನ ಕಡೆ ಬಿಸಿಲು ಜಾಸ್ತಿ, ಅಲ್ಲೇ ಮೊದಲು ಬರುತ್ತದೆ.