ಏಳುಕೋಟಿಯ ಮುಂದೆ ನನ್ನ ಬ್ರ್ಯಾಂಡು

ನಿಮಗೂ ಯಾರಾದರೂ ಹೇಳಿಯೇ ಇರುತ್ತಾರೆ: ಈ ಕಾಲದಲ್ಲಿ ಕೆಲಸ ಗೊತ್ತಿದ್ದರೆ ಸಾಲದು, ಬ್ರ್ಯಾಂಡ್ ಇರಬೇಕು. ನಮ್ಮ ಮನೆಯಲ್ಲಿ ಹಾಗೆ ಹೇಳಿದವಳು ಮಗಳು. ಮಾರ್ಕೆಟಿಂಗ್ ಓದುತ್ತಿದ್ದಾಳೆ; ಪ್ರಯೋಗಕ್ಕೆ ಕೈಗೆ ಸಿಕ್ಕ ಪ್ರಾಣಿ ನಾನು. 1997ರಲ್ಲಿ ಟಾಮ್ ಪೀಟರ್ಸ್ ಎಂಬ ಅಮೆರಿಕದ ಮಹಾಶಯ 'ಫಾಸ್ಟ್ ಕಂಪನಿ' ಪತ್ರಿಕೆಯಲ್ಲಿ, ಪ್ರತಿಯೊಬ್ಬನೂ ತಾನೇ ಒಂದು ಬ್ರ್ಯಾಂಡ್ ಎಂದು ಬರೆದಿದ್ದನಂತೆ. ಆ ಬೆಂಕಿ ಅಲ್ಲಿಂದ ಹೊರಟು, ದಾರಿಯಲ್ಲಿ ಎಷ್ಟು ಮನೆ ಸುಟ್ಟಿತೋ, ಕೊನೆಗೆ ಪುಣೆಯ ನಮ್ಮ ಬಾಡಿಗೆ ಮನೆಯ ಹೊಸ್ತಿಲು ದಾಟಿತು.

ನಾನು ಆದಾಯ ತೆರಿಗೆ, ಜಿಎಸ್‌ಟಿ ರಿಟರ್ನ್ ತುಂಬಿಕೊಡುವ ಸಲಹೆಗಾರ. ಸಿ.ಎ. ಪಾಸಾಗಿದ್ದರೆ ಈ ಗೋಳು ಇರುತ್ತಿರಲಿಲ್ಲ. ಅವರು ಜಾಹೀರಾತು ಕೊಟ್ಟು ಗಿರಾಕಿ ಹಿಡಿಯಬಾರದು ಅಂತ 1949ರ ಕಾಯ್ದೆಯೇ ಇದೆ. ಪರೀಕ್ಷೆ ನನ್ನನ್ನು ಕೈಬಿಟ್ಟಿತು, ಅದರ ಜೊತೆ ಕಾಯ್ದೆಯ ರಕ್ಷಣೆಯೂ ಹೋಯಿತು.

ಮಗಳು ಕೇಳಿದ್ದು ಮೂರೇ. ಒಂದು ಬಣ್ಣ, ಒಂದು ಘೋಷಣೆ, ಒಂದು ಫೋಟೊ. ಬಣ್ಣಕ್ಕೆ ಕಡುನೀಲಿ ಅಂತಾಯಿತು, ಅದು ಗಾಂಭೀರ್ಯದ ಬಣ್ಣವಂತೆ. ಘೋಷಣೆ ನಾನೇ ಬರೆದೆ: 'ಮಾತು ಕೊಟ್ಟರೆ ಮುಗಿಯಿತು!' ಅಡುಗೆಮನೆಯಿಂದ ಹೆಂಡತಿ ತಲೆ ಹಾಕಿ, "ಹೌದ್ರಿ, ಅಲ್ಲಿಗೇ ಮುಗೀತೈತಿ. ಗೀಸರ್ ರಿಪೇರಿ ಮಾಡಸ್ತೀನಿ ಅಂತ ದೀಪಾವಳಿಗೆ ಮಾತ್ ಕೊಟ್ಟಿದ್ರಿ" ಅಂದಳು. ಆದರೂ ಘೋಷಣೆ ಉಳಿಯಿತು, ಏಕೆಂದರೆ ಅಷ್ಟರಲ್ಲಿ ಕರಪತ್ರ ಅಚ್ಚಾಗಿ ಬಂದಿತ್ತು. ನುಣುಪು ಕಾಗದ, ನೀಲಿ ಅಂಚು, ನನ್ನ ಹೆಸರು, ಫೋನ್ ನಂಬರು. ಒಂದು ಮೂಲೆ ಮಾತ್ರ ಖಾಲಿ. ಮುಂದಿನ ಮುದ್ರಣದಲ್ಲಿ ಅಲ್ಲಿಗೆ ನನ್ನ ಫೋಟೊ ಬರಬೇಕು.

ಫೋಟೊಕ್ಕೆ ಜಾಗ ಹುಡುಕುತ್ತಿದ್ದಾಗಲೇ ಹೆಂಡತಿಯ ಹರಕೆ ನೆನಪಾಯಿತು. ಅವಳ ತವರು ರಾಣೆಬೆನ್ನೂರು ಕಡೆ, ಮನೆದೇವರು ಮೈಲಾರಲಿಂಗ. ಹೂವಿನಹಡಗಲಿ ತಾಲ್ಲೂಕಿನ ಮೈಲಾರಕ್ಕೆ ಹೋಗಿಬರಲು ರಜೆ ಹಾಕಬೇಕು. ಜೇಜುರಿಯಾದರೆ ಪುಣೆಯಿಂದ ಐವತ್ತು ಕಿಲೋಮೀಟರಿನ ಆಸುಪಾಸು. ಅಲ್ಲಿ ಅವನೇ ಖಂಡೋಬಾ. ಮಗಳು ಕುಣಿದಳು. ಕಲ್ಲಿನ ಮೆಟ್ಟಿಲು, ಸಾಲು ದೀಪಮಾಲೆ ಕಂಬ, ಬೆಳಗಿನ ಬಿಸಿಲು, ಹಿನ್ನೆಲೆಗೆ ಇನ್ನೇನು ಬೇಕು?

ನಾನು ಇಸ್ತ್ರಿ ಮಾಡಿದ ಬಿಳಿ ಅಂಗಿ, ನೀಲಿ ಕೋಟು ತೊಟ್ಟು ಹೊರಬಂದೆ.

"ಏನ್ರಿ, ಅಲ್ಲೆ ಭಂಡಾರ ಹಾರಸ್ತಾರ. ಹಳೇ ಅಂಗಿ ಹಾಕ್ಕೋರಿ ಸುಮ್ನ."

"ವೃತ್ತಿಪರನಿಗೆ ಹಳೆಯ ಅಂಗಿ ಇರುವುದಿಲ್ಲ" ಎಂದೆ. ಅತ್ತೆಯವರು ನನ್ನೊಡನೆ ನೇರ ಮಾತಾಡುವವರಲ್ಲ, ಗೋಡೆಗೆ ಹೇಳಿದರು: "ಆತು ಬಿಡವ್ವಾ, ದೇವ್ರು ನೋಡ್ಕೋತಾನ."

ದಿವೆ ಘಾಟ್ ಹತ್ತುವಾಗ ನಾನು ಕೆಳಗಿನ ಮಸ್ತಾನಿ ಕೆರೆಯನ್ನು ನೋಡದೆ ಕಾರಿನ ಕನ್ನಡಿಯಲ್ಲಿ ನನ್ನ ನಗೆಯ ತಾಲೀಮು ಮಾಡುತ್ತಿದ್ದೆ. ಸಾಸವಡದಲ್ಲಿ ಅತ್ತೆಯವರು ಸೀತಾಫಲ ಕೊಳ್ಳಿಸಿದರು. ಪುರಂದರ ತಾಲ್ಲೂಕಿನ ಸೀತಾಫಲಕ್ಕೆ ದೊಡ್ಡ ಹೆಸರು, ಹೆಸರಿಗೆ ತಕ್ಕ ಅಂಟೂ ಇದೆ. ಅದು ಕೋಟಿನ ತೋಳಿನ ಮೇಲೆ ಸಾಬೀತಾಯಿತು.

ಜೇಜುರಿ ನೋಡಿಲ್ಲದವರಿಗೆ ಒಂದು ಮಾತು. ಭಂಡಾರ ಎಂದರೆ ಅರಿಸಿನದ ಪುಡಿ, ಅಲ್ಲಿ ಎಲ್ಲವೂ ಹಳದಿ. ಮೆಟ್ಟಿಲು, ಕಂಬ, ಅಂಗಳದ ದೊಡ್ಡ ಹಿತ್ತಾಳೆ ಆಮೆ, ನಾಯಿ, ಪೊಲೀಸಿನವನ ಟೋಪಿ. ಸೋಮವತಿ ಅಮಾವಾಸ್ಯೆಯ ದಿನ ಪಲ್ಲಕ್ಕಿ ಕರ್ಹಾ ನದಿಗೆ ಹೊರಟಾಗ ಗಾಳಿಯೂ ಹಳದಿ. ನಾವು ಹೋದದ್ದು ಸಾಧಾರಣ ಭಾನುವಾರ, ಆದರೂ ನನಗೆ ಅಷ್ಟು ಸಾಕಾಯಿತು. ದೀಪಮಾಲೆಯ ಪಕ್ಕ ಕೈಕಟ್ಟಿ, ಗದ್ದ ಎತ್ತಿ, ದೂರದ ಭವಿಷ್ಯ ನೋಡುವವನ ಹಾಗೆ ನಿಂತೆ. ಮಗಳು "ರೆಡಿ" ಅನ್ನುವುದಕ್ಕೂ ಮೇಲಿನ ಮೆಟ್ಟಿಲಿಂದ ಒಂದು ಕುಟುಂಬ "ಯೇಳಕೋಟ್ ಯೇಳಕೋಟ್ ಜಯ ಮಲ್ಹಾರ್" ಎಂದು ತಟ್ಟೆ ಎತ್ತುವುದಕ್ಕೂ ಸರಿಹೋಯಿತು. ಕೆಮ್ಮು ನಿಂತ ಮೇಲೆ ಫೋಟೊ ನೋಡಿದೆ. ಹುಬ್ಬು, ಮೀಸೆ, ಗಾಂಭೀರ್ಯ, ಯಾವುದೂ ಉಳಿದಿರಲಿಲ್ಲ.

ಬ್ರ್ಯಾಂಡ್ ಅಂದರೆ ಏನೆಂದು ಆ ಮೆಟ್ಟಿಲ ಮೇಲೆ ಕಣ್ಣುಜ್ಜಿಕೊಳ್ಳುತ್ತ ಲೆಕ್ಕ ಹಾಕಿದೆ. ಹೆಸರು ಬದಲಿಸಬಾರದು ಅನ್ನುತ್ತದೆ ಮಗಳ ಪುಸ್ತಕ. ಈ ದೇವರು ಇಲ್ಲಿ ಖಂಡೋಬಾ, ಮಲ್ಹಾರಿ, ಮಾರ್ತಂಡ, ನಮ್ಮ ಕಡೆ ಮೈಲಾರ, ತೆಲಂಗಾಣದಲ್ಲಿ ಮಲ್ಲಣ್ಣ. ಒಂದು ಭಾಷೆಯಲ್ಲೂ ಗಿರಾಕಿ ಕಡಿಮೆಯಾಗಿಲ್ಲ. ದಿನವೂ ಏನಾದರೂ ಬರೆದು ಹಾಕಬೇಕು ಅನ್ನುತ್ತದೆ ಅದೇ ಪುಸ್ತಕ. ನಾನು ಲಿಂಕ್ಡ್‌ಇನ್‌ನಲ್ಲಿ ದಿನಾ ಬೆಳಿಗ್ಗೆ ಟಿಡಿಎಸ್ ಕುರಿತು ಜ್ಞಾನ ಹಂಚುತ್ತೇನೆ. ಮೆಚ್ಚುವವನು ಭಾವಮೈದ ಒಬ್ಬ, ಅವನೂ ಓದದೆ. ಮೈಲಾರದಲ್ಲಿ ಭರತ ಹುಣ್ಣಿಮೆ ಕಳೆದ ಮೇಲೆ ಗೊರವಯ್ಯ ಉಪವಾಸವಿದ್ದು ಬಿಲ್ಲು ಏರುತ್ತಾನೆ. "ಸದ್ದಲೇ" ಅನ್ನುತ್ತಾನೆ. ಲಕ್ಷಾಂತರ ಜನ ಉಸಿರು ಹಿಡಿಯುತ್ತಾರೆ. ಒಂದೇ ಒಂದು ಸಾಲು ಕಾರಣಿಕ ನುಡಿದು ಕೆಳಗೆ ಬೀಳುತ್ತಾನೆ. ಮಳೆ, ಬೆಳೆ, ಸರಕಾರ ಎಲ್ಲಕ್ಕೂ ಅದನ್ನೇ ಹೊಂದಿಸಿಕೊಂಡು ಜನ ಇಡೀ ವರ್ಷ ಚರ್ಚೆ ಮಾಡುತ್ತಾರೆ. ನಾನು ಮನೆಯಲ್ಲಿ "ಸದ್ದಲೇ" ಅಂದು ನೋಡಿದ್ದುಂಟು. ಮಿಕ್ಸರಿನ ಸದ್ದು ಜಾಸ್ತಿಯಾಯಿತು.

ಸೋತವರಿಗೂ ಇಲ್ಲಿ ಬ್ರ್ಯಾಂಡ್ ಇದೆ. ಮಣಿ, ಮಲ್ಲ ಎಂಬ ಇಬ್ಬರು ದೈತ್ಯರನ್ನು ದೇವರು ಸೋಲಿಸಿದ. ಮಣಿ ಶರಣಾಗಿ ತನ್ನ ಬಿಳಿ ಕುದುರೆ ಒಪ್ಪಿಸಿ, ಪ್ರತಿ ಗುಡಿಯಲ್ಲೂ ತನಗೊಂದು ಜಾಗ ಕೇಳಿ ಪಡೆದ. ಮಲ್ಲ ಜಗತ್ತೇ ನಾಶವಾಗಲಿ ಅಂದ. ಅವನ ತಲೆ ಮೆಟ್ಟಿಲಿಗೆ ಬಿತ್ತು, ಹೆಸರು ಮಾತ್ರ ಮಲ್ಹಾರಿಯಲ್ಲಿ ಸೇರಿಕೊಂಡಿತು. ಸೋಲುವುದರಲ್ಲಿ ನನಗೆ ಇಬ್ಬರಿಗಿಂತ ಹೆಚ್ಚು ಅನುಭವ. ಕೊಡೋಣವೆಂದರೆ ಕುದುರೆ ಇಲ್ಲ.

ಆದರೆ ನನಗೆ ನಿಜವಾಗಿ ಧೈರ್ಯ ತಂದಿದ್ದು ಗುಡ್ಡದ ಅರ್ಧದಲ್ಲಿರುವ ಬಾಣಾಯಿಯ ಗುಡಿ. ದೇವರು ಕುರುಬರ ಹುಡುಗಿಯನ್ನು ಮೆಚ್ಚಿ, ಅವಳ ಮನೆಯಲ್ಲಿ ಕುರಿ ಕಾದು ಮದುವೆಯಾಗಿ ಬಂದ. ಹಿರಿಯಳು ಮ್ಹಾಳಸಾ ಒಪ್ಪಲಿಲ್ಲ. ಆಮೇಲೆ ಒಬ್ಬಳಿಗೆ ಮೇಲೆ ವಾಸ, ಇನ್ನೊಬ್ಬಳಿಗೆ ಅರ್ಧ ದಾರಿಯಲ್ಲಿ. ಅವರ ಜಗಳವನ್ನು ಜನ ಇವತ್ತಿಗೂ ಹಾಡುತ್ತಾರೆ. ದೈತ್ಯರನ್ನು ಕಡಿದವನ ಪಾಡೇ ಇದಾದರೆ ಗೀಸರ್ ವಿಷಯಕ್ಕೆ ನಾನ್ಯಾಕೆ ನಾಚಬೇಕು? ಇದನ್ನು ಹೆಂಡತಿಗೆ ಹೇಳಲು ತಿರುಗಿದೆ. ಅವಳ ಕಣ್ಣು ಬೇರೆಲ್ಲೋ ಇತ್ತು.

ಒಬ್ಬ ಹೊಸ ಮದುಮಗ ಮದುಮಗಳನ್ನು ಎತ್ತಿಕೊಂಡು ಮೆಟ್ಟಿಲು ಹತ್ತುತ್ತಿದ್ದ. ಇಲ್ಲಿಯ ಪದ್ಧತಿ ಅದು, ಐದು ಮೆಟ್ಟಿಲಾದರೂ ಎತ್ತಬೇಕು. ಅತ್ತೆಯವರು ದೀಪಮಾಲೆಗೆ ಹೇಳಿದರು: "ನಮ್ಮನಿಯಾಗ ಯಾರೂ ಎತ್ತಲಿಲ್ಲ ಬಿಡವ್ವಾ." ದಸರೆಯಲ್ಲಿ ಇಲ್ಲಿಯ ಗಂಡಸರು ಸುಮಾರು 42 ಕೆ.ಜಿ. ತೂಗುವ ದೇವರ ಖಡ್ಗವನ್ನು ಕೈಯಲ್ಲಿ ಹಿಡಿದು ನಿಲ್ಲುತ್ತಾರೆ, ಹಲ್ಲಿನಲ್ಲೂ ಎತ್ತುತ್ತಾರೆ. ಹೆಂಡತಿಯ ತೂಕ ಬರೆಯುವುದಿಲ್ಲ, ಈ ಲೇಖನ ಅವಳೂ ಓದುತ್ತಾಳೆ. ಕೋಟು ಕಳಚಿದೆ, ಬಗ್ಗಿದೆ, ದೇವರ ಹೆಸರು ಹೇಳಿದೆ. ಬಗ್ಗಿದ್ದು ನಾನು ಒಬ್ಬನೇ, ಏಳುವಾಗ ನಾಲ್ಕು ಜನ ಬೇಕಾಯಿತು. ಉಳಿದ ಮೆಟ್ಟಿಲುಗಳನ್ನು ಹೆಂಡತಿಯ ಭುಜ ಹಿಡಿದು ಹತ್ತಿದೆ. ಸೊಂಟಕ್ಕೆ ಅವಳು ಕಟ್ಟಿದ್ದು ನನ್ನ ನೀಲಿ ಕೋಟು.

ಆಮೇಲೆ ಒಂದು ವಾರ ಹಾಸಿಗೆ. ಆ ವಾರದಲ್ಲಿ ಅತ್ತೆಯವರು ಜೇಜುರಿಯಿಂದ ತಂದ ಭಂಡಾರವನ್ನು ಪೊಟ್ಟಣ ಕಟ್ಟಿ ಪರಿಚಯದ ಕನ್ನಡದವರಿಗೆಲ್ಲ ಹಂಚಿದರು. ಪೊಟ್ಟಣಕ್ಕೆ ನುಣುಪು ಕಾಗದ ಬೇಕಿತ್ತು. ಮೂಲೆಯಲ್ಲಿ ಕಟ್ಟು ಕಟ್ಟು ಬಿದ್ದಿತ್ತು.

ಹೀಗೆ ನನ್ನ ಹೆಸರು, ನಂಬರು ಮತ್ತು ಘೋಷಣೆ ಪುಣೆಯ ಅನೇಕ ದೇವರ ಕೋಣೆಗಳಲ್ಲಿ ಸ್ಥಾಪನೆಯಾದವು. ಹತ್ತಿರದವರ ಕೈಯಿಂದ ದೂರದವರ ಕೈ ಸೇರಿದವು. ಈಗ ಫೋನು ಬಿಡುವಿಲ್ಲದೆ ಬರುತ್ತದೆ. ಮೊನ್ನೆ ಒಬ್ಬರು ಹೆಂಗಸು:

"ಭಂಡಾರದವ್ರು ಏನ್ರಿ?"

"ಹೌದು... ಅಂದ್ರೆ, ಆದಾಯ ತೆರಿಗೆ ಸಲಹೆಗಾರ."

"ಅದು ಇರ್ಲಿ ಬಿಡ್ರಿ, ಅದಕ್ಕ ನಮ್ಮವ್ರು ಬ್ಯಾರೆ ಹುಡುಕ್ಯಾರ. ಮುಂದಿನ ಅಮಾಸಿಗೆ ಹೋಗ್ತೀರೇನು? ನಮಗ ಕಾಲ್ ಕೆ.ಜಿ. ತರ್ರಿ. ಚೀಟಿ ಮ್ಯಾಲೆ ಬರದೀರಲ್ಲ, ಮಾತ್ ಕೊಟ್ರ ಮುಗೀತು ಅಂತ."

"ತರ್ತೀನಿ ತಾಯಿ" ಅಂದು, ಕಾಲು ಕೆ.ಜಿ. ಅಂತ ಜಿಎಸ್‌ಟಿ ಡೈರಿಯಲ್ಲಿ ಬರೆದುಕೊಂಡೆ.